ಎರಡು ಪದಕದ ಆಚೆಗಿನ ಡಾಕ್ಟರ್ ನೋಯೆಲ್ ಚಾವಸ್

"ಮೀಸಲು ಪಡೆಯ ಸೈನಿಕ ಯುದ್ಧದಲ್ಲಿ ಸತ್ತರೆ ಅವನ ಶೌರ್ಯ ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಬದುಕು ಮರೆತುಹೋಗುತ್ತದೆ. ಹಾಗಾಗದ ಒಬ್ಬರಾದರೂ ಇದ್ದಾರಾ?" ಅಂತ ಕೇಳಿದ್ದೀರಿ. ನನಗೆ ತಕ್ಷಣ ನೆನಪಾಗುವುದು ನೋಯೆಲ್ ಚಾವಸ್.

ಇವರು ಇಂಗ್ಲೆಂಡಿನವರು, ವೃತ್ತಿಯಿಂದ ಡಾಕ್ಟರ್. 1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದರು. ಕ್ರಿಸ್ಟೋಫರ್ ಇವರ ಅವಳಿ ಸಹೋದರ. ತಂದೆ ಲಿವರ್‌ಪೂಲಿನ ಬಿಷಪ್. ಅವಳಿಗಳಿಬ್ಬರೂ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಡಿದ್ದರು. ಮೊದಲ ಸುತ್ತು ದಾಟಲಿಲ್ಲ, ಆದರೂ ಅಲ್ಲಿಯವರೆಗೆ ಹೋಗುವುದು ಸಣ್ಣ ಮಾತಲ್ಲ. ಆಮೇಲೆ ನೋಯೆಲ್ ಲಿವರ್‌ಪೂಲಿನ ರಾಯಲ್ ಸದರ್ನ್ ಆಸ್ಪತ್ರೆಯಲ್ಲಿ ರಾಬರ್ಟ್ ಜೋನ್ಸ್ ಕೈಕೆಳಗೆ ಕೆಲಸಕ್ಕೆ ಸೇರಿದರು. ಮೂಳೆ ಚಿಕಿತ್ಸೆಯಲ್ಲಿ ಜೋನ್ಸ್ ಆಗ ಬಹಳ ದೊಡ್ಡ ಹೆಸರು. ಅಂಥವರ ಬಳಿ ಪಳಗಿದವರಿಗೆ ಮುಂದೆ ಒಳ್ಳೆಯ ದಾರಿಯಿತ್ತು.

1913ರಲ್ಲಿ ಇವರು ಲಿವರ್‌ಪೂಲ್ ಸ್ಕಾಟಿಶ್ ಎಂಬ ಬೆಟಾಲಿಯನ್‌ನ ವೈದ್ಯರಾದರು. ಅದು ಟೆರಿಟೋರಿಯಲ್ ಪಡೆಯದ್ದು. ನಮ್ಮಲ್ಲೂ ಟೆರಿಟೋರಿಯಲ್ ಆರ್ಮಿ ಇದೆ ಅಲ್ವಾ, ಹೆಚ್ಚುಕಡಿಮೆ ಅದೇ ರೀತಿ. ವಾರವೆಲ್ಲಾ ಆಫೀಸು, ಬಿಡುವಿನಲ್ಲಿ ಕವಾಯತು, ವರ್ಷಕ್ಕೊಮ್ಮೆ ಶಿಬಿರ. ಆ ಪಡೆ ಕಟ್ಟಿದ್ದೇ ಸ್ವದೇಶದ ರಕ್ಷಣೆಗೆ. ಸಮುದ್ರ ದಾಟಿ ಹೋಗಲೇಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ, ಬರುತ್ತೇವೆ ಅಂತ ಅವರೇ ಒಪ್ಪಿಗೆ ಕೊಡಬೇಕಿತ್ತು. ಕೊಟ್ಟರು. ಮೊದಲ ಮಹಾಯುದ್ಧ ಶುರುವಾದಾಗ, 1914ರ ನವೆಂಬರ್‌ನಲ್ಲಿ ಬೆಟಾಲಿಯನ್ ಫ್ರಾನ್ಸ್‌ಗೆ ಹೋಯಿತು. ಮರುವರ್ಷ ಜೂನ್ 16ರಂದು ಬೆಲ್ಜಿಯಂನ ಹೂಗ್ ಬಳಿ ನಡೆದ ಒಂದೇ ದಿನದ ದಾಳಿಯಲ್ಲಿ, ಹೋದ ಐನೂರು ಚಿಲ್ಲರೆ ಜನರಲ್ಲಿ ಸುಮಾರು 400 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದೇ ಊರಿನ ಹುಡುಗರು. ಎಷ್ಟು ಮನೆಗಳಿಗೆ ಒಟ್ಟಿಗೇ ಸುದ್ದಿ ಹೋಗಿರಬೇಡ!

ಈಗ ನನ್ನ ಮನಸ್ಸಿನಲ್ಲಿ ಕೂತಿರುವ ವಿಷಯಕ್ಕೆ ಬರುತ್ತೇನೆ. 1916ರ ಆಗಸ್ಟ್ 9, ಫ್ರಾನ್ಸ್‌ನ ಗಿಯೆಮಾಂ ಎಂಬ ಹಳ್ಳಿಯ ಹತ್ತಿರ ದಾಳಿ ವಿಫಲವಾಯಿತು. ಚಾವಸ್ ಹಗಲೆಲ್ಲಾ ಗುಂಡಿನ ಮಳೆಯಲ್ಲೇ ಗಾಯಾಳುಗಳನ್ನು ನೋಡಿಕೊಂಡರು. ರಾತ್ರಿ ಶತ್ರುಗಳ ಕಂದಕದ ಎದುರಲ್ಲೇ ನಾಲ್ಕು ಗಂಟೆ ಹುಡುಕಾಡಿದರು. ಮರುದಿನ ಒಬ್ಬನನ್ನು ಸ್ಟ್ರೆಚರ್ ಹಿಡಿದು 500 ಗಜ ಹೊತ್ತು ತರುವಾಗ ಇವರ ಪಕ್ಕೆಗೇ ಶೆಲ್ಲಿನ ಚೂರು ಬಡಿಯಿತು. ಅದೇ ರಾತ್ರಿ ಇಪ್ಪತ್ತು ಜನರನ್ನು ಕಟ್ಟಿಕೊಂಡು ಮತ್ತೆ ಹೊರಟರು. ಶತ್ರುಗಳಿಂದ ಬರೀ 25 ಗಜ ದೂರದ ಗುಂಡಿಯಿಂದ ಮೂವರನ್ನು ಎತ್ತಿ ತಂದರು. ಇಬ್ಬರು ಅಧಿಕಾರಿಗಳನ್ನು ಮಣ್ಣು ಮಾಡಿದರು. ಜೊತೆಗೆ, ಸತ್ತವರ ಗುರುತಿನ ಬಿಲ್ಲೆಗಳನ್ನು ಒಂದೊಂದಾಗಿ ಸಂಗ್ರಹಿಸಿದರು.

ಈ ಬಿಲ್ಲೆಯ ಕೆಲಸವನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಆಗ ಬ್ರಿಟಿಷ್ ಸೈನಿಕನ ಕೊರಳಲ್ಲಿ ಇರುತ್ತಿದ್ದದ್ದು ಒಂದೇ ಬಿಲ್ಲೆ. ತೆಗೆದರೆ ಶವಕ್ಕೆ ಹೆಸರಿಲ್ಲ, ಬಿಟ್ಟರೆ ಮನೆಗೆ ಸುದ್ದಿಯಿಲ್ಲ. ಎರಡು ಬಿಲ್ಲೆ ಕೊಡುವ ಪದ್ಧತಿ ಬಂದದ್ದು ಅದಾದ ಮೇಲೆ. ಕತ್ತಲಲ್ಲಿ, ಮಷಿನ್‌ಗನ್ ಎದುರು, ಹೆಣದ ಕೊರಳಿನ ದಾರ ಬಿಡಿಸುತ್ತಾ ಕೂರುವುದರಿಂದ ಯಾರ ಪ್ರಾಣವೂ ಉಳಿಯುವುದಿಲ್ಲ. ಆದರೆ ಲಿವರ್‌ಪೂಲಿನಲ್ಲಿ ಒಬ್ಬ ತಾಯಿಗೆ "ಕಾಣೆಯಾಗಿದ್ದಾನೆ" ಅನ್ನುವುದರ ಬದಲು ಖಚಿತ ಉತ್ತರ ಸಿಗುತ್ತದೆ. ನಾನು ಆಸ್ಪತ್ರೆಯ ಕ್ಯಾಶುಯಾಲಿಟಿಯಲ್ಲಿ ಕೆಲಸ ಮಾಡುವವನು. ರಿಜಿಸ್ಟರ್‌ನಲ್ಲಿ "ಅಪರಿಚಿತ" ಅಂತ ಬರೆಯುವಾಗ ಪ್ರತಿಸಲ ಕೈ ತಡೆಯುತ್ತದೆ. ಹಾಗಾಗಿ ಚಾವಸ್ ಆ ರಾತ್ರಿ ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಗಿಯೆಮಾಂನಲ್ಲಿ ಮಾಡಿದ್ದಕ್ಕೆ ಅವರಿಗೆ ಬ್ರಿಟನ್ನಿನ ಅತಿದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಮರುವರ್ಷ ಜುಲೈ ಕೊನೆಯಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಮೂರನೆಯ ದೊಡ್ಡ ಕದನ ಶುರುವಾಯಿತು. ಮೊದಲ ದಿನವೇ ತಲೆಗೆ ಪೆಟ್ಟಾದರೂ ಚಾವಸ್ ತಮ್ಮ ಜಾಗ ಬಿಡಲಿಲ್ಲ. ಆಗಸ್ಟ್ 2ರಂದು ಅವರಿದ್ದ ನೆಲಮನೆಗೆ ಶೆಲ್ ಬಿದ್ದು ಹೊಟ್ಟೆಗೆ ಗಾಯವಾಯಿತು. 4ರಂದು ಬ್ರಾಂಡ್‌ಹೂಕ್‌ನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 32. ಎರಡನೆಯ ವಿಕ್ಟೋರಿಯಾ ಕ್ರಾಸ್ ಸತ್ತ ಮೇಲೆ ಬಂತು. ಆ ಪದಕ ಎರಡು ಸಲ ಪಡೆದವರು ಇವತ್ತಿಗೂ ಮೂರೇ ಜನ.

ಅದೇ ಜುಲೈನಲ್ಲಿ ಅವರ ಕಿರಿಯ ತಮ್ಮ ಏಡನ್ ಕೂಡ ಯುದ್ಧದಲ್ಲಿ ತೀರಿಕೊಂಡಿದ್ದ. ಅವನ ಶವ ಸಿಗಲೇ ಇಲ್ಲ. ಸುಮಾರು ಒಂದು ತಿಂಗಳೊಳಗೆ ಆ ತಂದೆಗೆ ಎರಡು ಸಾವಿನ ಸುದ್ದಿ. ನೋಯೆಲ್‌ಗೆ ಸೋದರ ಸಂಬಂಧಿ ಗ್ಲಾಡಿಸ್ ಜೊತೆ ಮದುವೆ ನಿಶ್ಚಯವಾಗಿತ್ತು. ಆಕೆ ಮುಂದೆ ಬೇರೊಬ್ಬರನ್ನು ಮದುವೆಯಾದರು.

2009ರಲ್ಲಿ ಆ ಪದಕಗಳು ಸುಮಾರು 15 ಲಕ್ಷ ಪೌಂಡಿಗೆ ಮಾರಾಟವಾದವು ಅಂತ ಪತ್ರಿಕೆಗಳಲ್ಲಿ ಬಂತು. ಅವರ ಹೆಸರು ಹೇಳಿದ ತಕ್ಷಣ ಜನ ಮಾತಾಡುವುದು ಆ ಬೆಲೆಯನ್ನೇ. ನನಗದು ಬೇಸರ. ಅವರು ಸೈನ್ಯದಲ್ಲಿದ್ದದ್ದು ನಾಲ್ಕೇ ವರ್ಷ. ಅದಕ್ಕೂ ಮುಂಚೆ ಓಟಗಾರ, ವಿದ್ಯಾರ್ಥಿ, ಲಿವರ್‌ಪೂಲಿನ ಬಡ ಹುಡುಗರ ಜೊತೆ ಆಡಲು ಹೋಗುತ್ತಿದ್ದ ಯುವಕ, ಆಸ್ಪತ್ರೆಯ ಡಾಕ್ಟರ್. ಯುದ್ಧಭೂಮಿಯಲ್ಲೂ ಡಾಕ್ಟರೇ ಆಗಿದ್ದರು. ತಮ್ಮ ಹುಡುಗರಿಗೆ ಸಾಕ್ಸ್ ಕಳಿಸಿ ಅಂತ ಮನೆಗೆ ಬರೆಯುತ್ತಿದ್ದರು.

ಇನ್ನೂ ತಿಳಿಯಬೇಕು ಅನ್ನಿಸಿದರೆ ಶೌರ್ಯದ ಅಧಿಕೃತ ವರದಿಗಿಂತ ಮೊದಲು ಅವರ ಕಾಗದಗಳನ್ನು ಓದಿ. ಆ ಕುಟುಂಬದ ಪತ್ರಗಳು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ. ಬೆಲ್ಜಿಯಂ ಕಡೆ ಹೋಗುವವರಿದ್ದರೆ, ಈಪ್ರ್‌ನಿಂದ ಪೊಪೆರಿಂಗೆಗೆ ಹೋಗುವ ದಾರಿಯಲ್ಲೇ ಬ್ರಾಂಡ್‌ಹೂಕ್ ಸಿಗುತ್ತದೆ. ಅವರ ಸಮಾಧಿಯ ಕಲ್ಲನ್ನು ಹುಡುಕುವುದು ಕಷ್ಟವಿಲ್ಲ, ಅದರ ಮೇಲೆ ಎರಡು ವಿಕ್ಟೋರಿಯಾ ಕ್ರಾಸ್ ಕೆತ್ತಿದ್ದಾರೆ.