ನೋಟಿಸ್ ಜಾರಿಯಾದ ಮಾತ್ರಕ್ಕೆ ಗೆದ್ದಂತಲ್ಲ

ತಮ್ಮ ಪತ್ರ ತಲುಪಿದೆ. ಗೃಹ ನಿರ್ಮಾಣ ಸಹಕಾರ ಸಂಘದ ನಿವೇಶನಗಳ ವಿವಾದದಲ್ಲಿ ಹೈಕೋರ್ಟು ಪ್ರತಿವಾದಿಗಳಿಗೆ ನೋಟಿಸ್ ಹೊರಡಿಸಿ ಯಥಾಸ್ಥಿತಿ ಕಾಪಾಡುವಂತೆ ಹೇಳಿದೆಯಷ್ಟೇ. ಆದರೂ ಒಂದು ಬಣದವರು ‘ನ್ಯಾಯಾಲಯ ನಮ್ಮ ಹಕ್ಕನ್ನು ಎತ್ತಿಹಿಡಿದಿದೆ’ ಎಂದು ಫ್ಲೆಕ್ಸ್ ಕಟ್ಟಿಸಿದ್ದಾರೆಂದು ಬರೆದು, ಇದು ನ್ಯಾಯಾಂಗ ನಿಂದನೆಯಲ್ಲವೇ, ಅವರನ್ನು ಜೈಲಿಗೆ ಕಳುಹಿಸಲಾಗದೇ ಎಂದು ಕೇಳಿದ್ದೀರಿ.

ನಿಂದನೆ ಎನಿಸಿಕೊಳ್ಳಬಹುದು, ಆದರೆ ತಾವು ಭಾವಿಸಿರುವಷ್ಟು ಸಲೀಸಾಗಿ ಅಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ ಆದೇಶವನ್ನು ಬೇಕೆಂದೇ ಉಲ್ಲಂಘಿಸುವುದು ಸಿವಿಲ್ ನಿಂದನೆ. ಫ್ಲೆಕ್ಸ್ ಕಟ್ಟಿದರೆ ಯಥಾಸ್ಥಿತಿ ಕೆಡುವುದಿಲ್ಲ. ಆ ಫ್ಲೆಕ್ಸ್‌ನ ಧೈರ್ಯದ ಮೇಲೆ ನಿವೇಶನದ ಬೇಲಿ ಕಿತ್ತರೆ ಕೆಡುತ್ತದೆ. ನ್ಯಾಯಾಲಯದ ಅಧಿಕಾರಕ್ಕೆ ಕುಂದು ತರುವ, ನಡೆಯುತ್ತಿರುವ ವಿಚಾರಣೆಗೆ ಧಕ್ಕೆಯೊಡ್ಡುವ ಅಥವಾ ನ್ಯಾಯದಾನಕ್ಕೆ ಅಡ್ಡಿಪಡಿಸುವ ಪ್ರಕಟಣೆ ಕ್ರಿಮಿನಲ್ ನಿಂದನೆ. ನ್ಯಾಯಾಲಯ ಆಡದ ಮಾತನ್ನು ಅದರ ಹೆಸರಿನಲ್ಲಿ ಹರಡುವುದು ಈ ವ್ಯಾಪ್ತಿಗೆ ಬರಬಹುದಾದರೂ, ಬಂದೇ ಬರುತ್ತದೆ ಎನ್ನಲಾಗದು.

ಈ ಸಂಬಂಧ 2019ರ ಪ್ರಕರಣವೊಂದನ್ನು ನೋಡಬಹುದು. ರಫೇಲ್ ಯುದ್ಧವಿಮಾನ ಖರೀದಿ ಕುರಿತ ತೀರ್ಪಿನ ಮರುಪರಿಶೀಲನಾ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು ಏಪ್ರಿಲ್ 10ರಂದು ತಳ್ಳಿಹಾಕಿದ್ದು, ಕೆಲವು ದಾಖಲೆಗಳನ್ನು ಪರಿಗಣಿಸಬಾರದೆಂಬ ಕೇಂದ್ರದ ಪ್ರಾಥಮಿಕ ಆಕ್ಷೇಪಣೆಯನ್ನು ಮಾತ್ರ. ‘ಚೌಕಿದಾರ್ ಚೋರ್ ಹೈ’ (ಕಾವಲುಗಾರನೇ ಕಳ್ಳ) ಎಂಬ ತಮ್ಮ ಚುನಾವಣಾ ಘೋಷಣೆಯನ್ನು ನ್ಯಾಯಾಲಯವೇ ಹೇಳಿದೆ ಎಂಬಂತೆ ರಾಹುಲ್ ಗಾಂಧಿ ಮಾತನಾಡಿದಾಗ ನಿಂದನಾ ಅರ್ಜಿ ದಾಖಲಾಯಿತು. ಅವರು ಮೊದಲು ವಿಷಾದ ವ್ಯಕ್ತಪಡಿಸಿ, ಅದು ಸಾಲದೆನಿಸಿದಾಗ ಬೇಷರತ್ ಕ್ಷಮೆ ಕೋರಿದರು. ಮುಂದೆ ಎಚ್ಚರದಿಂದಿರಬೇಕೆಂದು ಹೇಳಿ ನ್ಯಾಯಾಲಯ ನವೆಂಬರ್ 14ರಂದು ಪ್ರಕರಣವನ್ನು ಮುಕ್ತಾಯಗೊಳಿಸಿತು. ದೇಶವೆಲ್ಲ ಕೇಳಿದ ಮಾತಿಗೇ ಅಷ್ಟಾದರೆ, ಒಂದು ಬಡಾವಣೆಯ ಫ್ಲೆಕ್ಸ್‌ಗೆ ಜೈಲುಶಿಕ್ಷೆಯನ್ನು ನಿರೀಕ್ಷಿಸುವುದು ವ್ಯರ್ಥ. ಕಾಯ್ದೆಯಲ್ಲಿರುವ ಗರಿಷ್ಠ ಶಿಕ್ಷೆಯೂ 6 ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ ಅಥವಾ ಎರಡೂ. ಮನಃಪೂರ್ವಕ ಕ್ಷಮೆ ಕೇಳಿದರೆ ಅದನ್ನೂ ಮನ್ನಾ ಮಾಡಲು ಅವಕಾಶವಿದೆ.

ಇಂಥ ಫಲಕಗಳನ್ನು ಜನ ನಂಬುವುದಕ್ಕೆ ಕಾರಣ, ಆದೇಶದ ಕೊನೆಯ ಪ್ಯಾರಾವನ್ನು ಯಾರೂ ಓದದಿರುವುದು. ನೋಟಿಸ್ ಎಂದರೆ ಎದುರು ಪಕ್ಷದ ಮಾತನ್ನೂ ಕೇಳುತ್ತೇವೆ ಎಂದಷ್ಟೇ ಅರ್ಥ. ಸುಪ್ರೀಂ ಕೋರ್ಟು ವಿಶೇಷ ಅನುಮತಿ ಅರ್ಜಿಯನ್ನು (ಮೇಲ್ಮನವಿಗೆ ಅನುಮತಿ ಕೋರುವ ಅರ್ಜಿ) ಕಾರಣ ನೀಡದೆ ವಜಾ ಮಾಡಿದರೂ, ಹೈಕೋರ್ಟಿನ ತೀರ್ಪಿಗೆ ಅದು ಮುದ್ರೆಯೊತ್ತಿದಂತಾಗುವುದಿಲ್ಲ. ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಆಡಿದ ಮಾತು ಆದೇಶದ ಭಾಗವೇ ಅಲ್ಲ. ಅದನ್ನು ದಪ್ಪಕ್ಷರದ ತಲೆಬರಹ ಮಾಡುವ ಪತ್ರಿಕೆಗಳಿಗೂ ಈ ವ್ಯತ್ಯಾಸ ಗೊತ್ತಿಲ್ಲದಿಲ್ಲ.

ಖಾಸಗಿ ವ್ಯಕ್ತಿಯೊಬ್ಬರು ಹೈಕೋರ್ಟಿನಲ್ಲಿ ಕ್ರಿಮಿನಲ್ ನಿಂದನಾ ಅರ್ಜಿ ಹಾಕಬೇಕಾದರೆ ರಾಜ್ಯ ಸರ್ಕಾರದ ಉನ್ನತ ಕಾನೂನು ಅಧಿಕಾರಿಯಾದ ಅಡ್ವೊಕೇಟ್ ಜನರಲ್ ಅವರ ಲಿಖಿತ ಸಮ್ಮತಿ ಬೇಕು. ಕೃತ್ಯ ನಡೆದ ಒಂದು ವರ್ಷದೊಳಗೆ ಕ್ರಮ ಆರಂಭವಾಗಬೇಕೆಂಬ ಮಿತಿಯೂ ಇದೆ. ಅದಕ್ಕಿಂತ ತಮ್ಮ ವಕೀಲರ ಮೂಲಕ ಅದೇ ಪ್ರಕರಣದಲ್ಲಿ ಒಂದು ಮೆಮೊ (ಚಿಕ್ಕ ಲಿಖಿತ ಟಿಪ್ಪಣಿ) ಸಲ್ಲಿಸಿ, ಫ್ಲೆಕ್ಸ್‌ನ ದಿನಾಂಕವಿರುವ ಛಾಯಾಚಿತ್ರವನ್ನು ಪೀಠದ ಗಮನಕ್ಕೆ ತರುವುದು ಸುಲಭ. ಆದೇಶದ ದೃಢೀಕೃತ ಪ್ರತಿಯನ್ನು ನಮಗೂ ಕಳುಹಿಸಿ. ಅದರ ಆದೇಶಭಾಗವನ್ನು ಒಂದಕ್ಷರವೂ ಬದಲಿಸದೆ ಪ್ರಕಟಿಸುತ್ತೇವೆ.

– ಸಂ.