ಬಳ್ಳಾರಿಯಲ್ಲಿದ್ದುಕೊಂಡು ಬಿಎಂಡಬ್ಲ್ಯೂ ಸರ್ವಿಸ್‌ಗೆ ಶೋರೂಮೇ ಬೇಕಾ, ಹೊರಗಿನ ಗ್ಯಾರೇಜ್ ಸಾಕಾ?

ವಾರಂಟಿ ಇನ್ನೂ ಇದ್ದರೆ ಯೋಚನೆಯೇ ಬೇಡ, ಶೋರೂಮಿಗೇ ಹೋಗಿ. ಮುಗಿದಿದ್ದರೆ, ನನ್ನ ಪ್ರಕಾರ ಒಳ್ಳೆಯ ಗ್ಯಾರೇಜೇ ವಾಸಿ.

ಶೋರೂಮಿಗೆ ಅಂತ ಬೆಂಗಳೂರಿಗೆ ಹೋಗೋದಾದರೆ ಇಲ್ಲಿಂದ ಸುಮಾರು 300 ಕಿಲೋಮೀಟರ್. ಬರೀ ಆಯಿಲ್ ಬದಲಿಸೋಕೆ ಅಷ್ಟು ದೂರ ಹೋಗಿ, ಒಂದು ರಾತ್ರಿ ಲಾಡ್ಜ್‌ನಲ್ಲಿ ಉಳಿದು ಬರೋದು ಸುಮ್ನೆ ದಂಡ ಅಲ್ವಾ? ಜೊತೆಗೆ ನಮ್ಮ ಕೆಂಪು ಧೂಳು ಬೇರೆ. ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಜಾಸ್ತಿ ಓಡಾಡಿದರೆ ಏರ್ ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಸರ್ವಿಸ್ ಬುಕ್ಕಿನ ಕಿಲೋಮೀಟರ್ ಲೆಕ್ಕಕ್ಕೆ ಕಾಯುವಂತಿಲ್ಲ. ಊರಿನ ಮೆಕ್ಯಾನಿಕ್ ಆದರೆ ಹತ್ತು ನಿಮಿಷದಲ್ಲಿ ಬಿಚ್ಚಿ ತೋರಿಸುತ್ತಾನೆ.

ಆದರೆ ಗ್ಯಾರೇಜಿಗೆ ಮೊದಲು ಒಂದು ಪರೀಕ್ಷೆ ಕೊಡಿ. "ಬ್ಯಾಟರಿ ಹಾಕಿದ ಮೇಲೆ ರಿಜಿಸ್ಟರ್ ಮಾಡ್ತೀರಾ?" ಅಂತ ಕೇಳಿ. ಈಚಿನ ಬಿಎಂಡಬ್ಲ್ಯೂಗಳಲ್ಲಿ ಹೊಸ ಬ್ಯಾಟರಿ ಕೂರಿಸಿದ್ದನ್ನು ಸ್ಕ್ಯಾನರ್ ಹಾಕಿ ಕಾರಿಗೆ ತಿಳಿಸಬೇಕು. ಇಲ್ಲದಿದ್ದರೆ ಅದು ಹಳೇ ಬ್ಯಾಟರಿ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಾ ಹೋಗುತ್ತದೆ, ಹೊಸದು ಬೇಗ ಸಾಯುತ್ತದೆ. ಅವರು ಮುಖ ಮುಖ ನೋಡಿಕೊಂಡರೆ ಗಾಡಿ ತಿರುಗಿಸಿ ಬನ್ನಿ.

ಬಿಡಿಭಾಗ ಹೊರಗೆ ಸಿಗದಂತೆ ಕಂಪನಿಗಳು ತಡೆಯುತ್ತವೆ ಅಂತ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಈಗ ಬಾಷ್, ಮಾಲೆ (Mahle) ತರದ ಬಿಡಿಭಾಗ ತಯಾರಕರ ಪಾರ್ಟ್ಸ್ ಹೊರಗೂ ಸಿಗುತ್ತವೆ. ಪ್ಯಾಕೆಟ್ ನಿಮ್ಮೆದುರೇ ಒಡೆಸಿ, ಬಿಲ್ ಇಟ್ಟುಕೊಳ್ಳಿ.

ಏರ್‌ಬ್ಯಾಗ್ ಕೆಲಸ, ಕಂಪನಿಯೇ ವಾಪಸ್ ಕರೆದ ರೀಕಾಲ್ ಕೆಲಸ ಇದ್ದರೆ ಮಾತ್ರ ಶೋರೂಮಿಗೇ ಬಿಡಿ. ರೀಕಾಲ್‌ಗೆ ದುಡ್ಡೂ ತಗೊಳ್ಳಲ್ಲ.