ಬದಲಿ ನರ್ಸ್‌ಗೆ ಏಜೆನ್ಸಿ ಹಿಡಿಯುವಾಗ ದರ ಕೊನೆಗೆ ನೋಡಿ

ನೀವು ಕೇಳಿರುವುದು ಇಷ್ಟು: ಅಂಗವಿಕಲರ ವಸತಿ ಮನೆ ನಡೆಸುತ್ತಿದ್ದೀರಿ, ನಿಮ್ಮ ನರ್ಸ್‌ಗಳು ರಜೆ ಹಾಕಿದಾಗ ಬದಲಿ ಬೇಕು, 3 ಏಜೆನ್ಸಿಗಳು ದರ ಕಳಿಸಿವೆ, ಯಾವುದಕ್ಕೆ ಸಹಿ ಹಾಕಲಿ ಅಂತ. ನಾನು ಇಂಥದ್ದೇ ಮನೆಯೊಂದರಲ್ಲಿ ವರ್ಷಗಟ್ಟಲೆ ಡ್ಯೂಟಿ ಪಟ್ಟಿ ಬರೆದವಳು. ದರದ ಹಾಳೆ ಸದ್ಯಕ್ಕೆ ಪಕ್ಕಕ್ಕಿಡಿ. ಮೂವರಿಗೂ ಒಂದೇ ಪ್ರಶ್ನೆ ಕೇಳಿ: ನಮ್ಮ ಮನೆಗೆ ಅಂತ ಮೂರ್ನಾಲ್ಕು ಜನರನ್ನು ಗೊತ್ತು ಮಾಡಿ, ಅವರನ್ನೇ ತಿರುಗಿ ತಿರುಗಿ ಕಳಿಸುತ್ತೀರಾ?

ಯಾಕೆ ಇಷ್ಟು ಹಟ ಅಂದರೆ, ನಮ್ಮಲ್ಲಿ ಮಾತು ಬಾರದ ಒಬ್ಬರಿದ್ದರು. ನೋವಾದರೆ ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದರು. ಒಂದು ಸಲ ಸತತ ಮೂರು ರಾತ್ರಿ, ರಾತ್ರಿಗೊಬ್ಬ ಹೊಸ ನರ್ಸ್ ಬಂದರು. ಮೂರು ರಾತ್ರಿಯೂ ರಿಪೋರ್ಟ್ ಪುಸ್ತಕದಲ್ಲಿ 'ಗಲಾಟೆ, ನಿದ್ದೆ ಇಲ್ಲ' ಅಷ್ಟೇ. ನಾಲ್ಕನೇ ದಿನ ನಮ್ಮವರೇ ಡ್ಯೂಟಿಗೆ ಬಂದು, ಕೈ ನೋಡಿ, ಹೊಟ್ಟೆ ಮುಟ್ಟಿದರು. ಕಲ್ಲಿನ ಹಾಗೆ ಗಟ್ಟಿ. ಐದು ದಿನದಿಂದ ಮಲ ಹೋಗಿರಲಿಲ್ಲ. ಬಂದ ಆ ಮೂವರೂ ಕೆಟ್ಟ ನರ್ಸ್‌ಗಳಲ್ಲ, ಅವರಿಗೆ ಆ ಕೈಯ ಗುರುತಿನ ಅರ್ಥ ಗೊತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಒಪ್ಪಂದದಲ್ಲಿ ನಾನು ಬಿಡದೆ ಬರೆಸುತ್ತಿದ್ದದ್ದು: ಹೊಸಬರು ಒಬ್ಬರೇ ಡ್ಯೂಟಿ ಮಾಡುವ ಮೊದಲು ಒಂದು ಪೂರ್ತಿ ಶಿಫ್ಟ್ ನಮ್ಮ ನರ್ಸ್ ಜೊತೆಗಿರಬೇಕು, ಅದಕ್ಕೂ ನಾವು ದುಡ್ಡು ಕೊಡುತ್ತೇವೆ. 'ನಮ್ಮವರೆಲ್ಲ ಐಸಿಯು ಅನುಭವಿಗಳು, ಅದೆಲ್ಲ ಬೇಡ' ಅಂತಾರೆ ಏಜೆನ್ಸಿಯವರು. ಒಪ್ಪಬೇಡಿ. ನುಂಗಲು ಕಷ್ಟವಿರುವ ಕೆಲವರಿಗೆ ನೀರನ್ನೂ ಗಟ್ಟಿ ಮಾಡಿ ಕೊಡಬೇಕು, ಯಾರಿಗೆ ಎಷ್ಟು ಗಟ್ಟಿ ಅನ್ನುವುದು ಬೇರೆ ಬೇರೆ. ಪಾಪ ಬಾಯಾರಿದೆ ಅಂತ ತೆಳು ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಹೊಟ್ಟೆಗೆ ಹಾಕಿದ ಟ್ಯೂಬ್‌ನಲ್ಲಿ ಫೀಡ್, ಅಂದರೆ ದ್ರವ ಆಹಾರ, ಹೋಗುತ್ತಿರುವಾಗಲೇ ಫಿಟ್ಸ್ ತಡೆಯುವ ಫೆನಿಟಾಯಿನ್ ಹಾಕಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ, ಆಮೇಲೆ ಫಿಟ್ಸ್ ಯಾಕೆ ಜಾಸ್ತಿ ಆಯ್ತು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ನಿಮ್ಮ ಕಡೆಯಿಂದಲೂ ಕೆಲಸ ಇದೆ. ಮನೆಯಲ್ಲಿರುವ ಒಬ್ಬೊಬ್ಬ ನಿವಾಸಿಗೂ ಒಂದೇ ಪುಟದ ಹಾಳೆ ಮಾಡಿ: ಫೋಟೋ, ಹೇಗೆ ನುಂಗುತ್ತಾರೆ, ನೋವನ್ನು ಹೇಗೆ ತೋರಿಸುತ್ತಾರೆ, ಅವರ ಫಿಟ್ಸ್ ನೋಡಲು ಹೇಗಿರುತ್ತೆ, ಫಿಟ್ಸ್ ಎಷ್ಟು ನಿಮಿಷ ನಿಲ್ಲದಿದ್ದರೆ ತುರ್ತು ಔಷಧಿ. ಸಾಮಾನ್ಯವಾಗಿ 5 ನಿಮಿಷ ಅಂತಾರೆ, ಆದರೆ ನಿಮ್ಮ ಡಾಕ್ಟರ್ ಆ ವ್ಯಕ್ತಿಗೆ ಬರೆದುಕೊಟ್ಟದ್ದೇ ಹಾಳೆಯಲ್ಲಿ ಇರಲಿ. ನಲವತ್ತು ಪುಟದ ಫೈಲನ್ನು ರಾತ್ರಿ ಡ್ಯೂಟಿಗೆ ಬಂದವರು ಯಾರೂ ಓದುವುದಿಲ್ಲ, ನಾನಾದರೂ ಓದುತ್ತಿರಲಿಲ್ಲ ಬಿಡಿ.

ಉಳಿದ ಷರತ್ತುಗಳನ್ನು ಬೇಗ ಹೇಳಿಬಿಡುತ್ತೇನೆ. ಯಾರು ಬರುತ್ತಾರೆ ಅಂತ ಹೆಸರು ಮೊದಲೇ ಬರಬೇಕು, ಅವರ ನೋಂದಣಿಯನ್ನು ನೀವೇ ನರ್ಸಿಂಗ್ ಕೌನ್ಸಿಲ್‌ನಲ್ಲಿ ಪರಿಶೀಲಿಸಿ, ಜೆರಾಕ್ಸ್ ನಂಬಬೇಡಿ. ಹ್ಯಾಂಡೋವರ್‌ನ, ಅಂದರೆ ಮುಂದಿನ ಶಿಫ್ಟಿನವರಿಗೆ ಎಲ್ಲ ವಿಷಯ ಹೇಳಿ ಒಪ್ಪಿಸುವ, ಅರ್ಧ ಗಂಟೆಗೂ ಸಂಬಳ ಇರಲಿ, ಇಲ್ಲದಿದ್ದರೆ ಬಾಗಿಲಲ್ಲೇ ನಿಂತು ಎರಡು ಮಾತು ಹೇಳಿ ಓಡುತ್ತಾರೆ. ನೀವು ಕೊನೇ ಗಳಿಗೆಯಲ್ಲಿ ಶಿಫ್ಟ್ ರದ್ದು ಮಾಡಿದರೆ ದಂಡ ಕೇಳುತ್ತಾರಲ್ವಾ, ಅವರ ನರ್ಸ್ ಬರದೇ ಹೋದರೂ ಅಷ್ಟೇ ದಂಡ ಬರೆಸಿ. ಔಷಧಿ ತಪ್ಪಾದರೆ ಯಾರ ವಿಮೆ ಅನ್ನುವುದು ಸ್ಪಷ್ಟ ಇರಲಿ. ಬದಲಿಗೆ ಬಂದವರನ್ನು ಮುಂದೆ ನೀವೇ ಕಾಯಂ ಮಾಡಿಕೊಂಡರೆ ಏಜೆನ್ಸಿಗೆ ಶುಲ್ಕ ಕಟ್ಟಬೇಕು ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತೆ, ಹುಡುಕಿ ಓದಿ. ಇದು ಒಪ್ಪಂದದ ಮಾತಲ್ಲ, ಆದರೂ ಹೇಳುತ್ತೇನೆ: ಒಂದೇ ರಾತ್ರಿಗೆ ಇಬ್ಬರೂ ಹೊರಗಿನವರನ್ನು ಹಾಕಬೇಡಿ.

ಏಜೆನ್ಸಿಗೆ ಹೋಗುವ ಮೊದಲು, ಕೆಲಸ ಬಿಟ್ಟು ಹೋದ ನಿಮ್ಮದೇ ಹಳೇ ನರ್ಸ್‌ಗಳಿಗೆ ಒಂದು ಫೋನ್ ಮಾಡಿ. ತಿಂಗಳಿಗೆ ಎರಡು ಶಿಫ್ಟ್ ಮಾಡಲು ಒಪ್ಪುವವರು ಇರುತ್ತಾರೆ. ನಮಗೆ ಅರ್ಧ ಕಷ್ಟ ಅಲ್ಲೇ ಕಳೆದಿತ್ತು.

ಇನ್ನೊಂದು. ಸಹಿ ಹಾಕುವ ಹಿಂದಿನ ಭಾನುವಾರ ರಾತ್ರಿ ಹನ್ನೊಂದಕ್ಕೆ ಮೂವರ ತುರ್ತು ನಂಬರಿಗೂ ಕರೆ ಮಾಡಿ ನೋಡಿ. ನಾನು ಮಾಡಿದಾಗ ಎಲ್ಲರಿಗಿಂತ ಕಡಿಮೆ ದರ ಹೇಳಿದವರ ಫೋನ್ ಸ್ವಿಚ್ ಆಫ್ ಆಗಿತ್ತು.